ಓಡೋದೋ, ನಡೆಯೋದೋ? ಜರ್ಮನ್ ಭಾಷೆಯ 'ಲೌಫೆನ್' ಮತ್ತು ಅದರ ನೆರೆಹೊರೆ

(ಜರ್ಮನ್ ಕಲಿಯುತ್ತಿರುವವರಿಗಾಗಿ ಮೈಸೂರಿನ ಒಂದು ಗ್ರಂಥಾಲಯದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಕೆಲವು ಉದಾಹರಣೆಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಸುಮಾರು ಜನ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರು. ಕೆಲವರು ಓದಲು ಹೋಗುವವರು. ಒಂದಿಬ್ಬರು ಅಲ್ಲಿರುವ ಮಕ್ಕಳ ಮನೆಗೆ ಹೋಗಿ ಬರುವ ಅಪ್ಪ-ಅಮ್ಮಂದಿರೂ ಇದ್ದೀರಿ. ಇವತ್ತಿನ ವಿಷಯ ತುಂಬ ಸಣ್ಣದು. ನಡೆಯೋದು ಮತ್ತು ಓಡೋದು, ಅಷ್ಟೇ. ಕನ್ನಡದಲ್ಲಿ ಈ ಎರಡರ ನಡುವೆ ನಮಗೆ ಯಾವತ್ತೂ ಗೊಂದಲ ಆಗುವುದಿಲ್ಲ. ಜರ್ಮನ್ನಿನಲ್ಲಿ ಆಗುತ್ತದೆ. ನನಗೆ ಆಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ. ಮೊದಲ ವಾರ. ಸೊಂಟದ ಕೀಲು ಬದಲಿಸಿಕೊಂಡ ಅಜ್ಜ ಒಬ್ಬರಿದ್ದರು. ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು: 'ಏರ್ ಡಾರ್ಫ್ ಹೊಯ್ಟೆ ಲೌಫೆನ್.' ಇವರು ಇವತ್ತು ಲೌಫೆನ್ ಮಾಡಬಹುದು. ಇಲ್ಲಿ ಓದುವಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಹೀಗೆ: ಗೇಯೆನ್ ಅಂದರೆ ಹೋಗು, ಲೌಫೆನ್ ಅಂದರೆ ಓಡು. ಹಾಗಾದರೆ ಎಂಬತ್ತು ದಾಟಿದ ಈ ಅಜ್ಜ ಇವತ್ತೇ ಓಡಬೇಕಾ? ಕೇಳಲು ಧೈರ್ಯ ಆಗಲಿಲ್ಲ. ಪೆನ್ನು ಹಿಡಿದು ಸುಮ್ನೆ ನಿಂತೆ. ಜೊತೆಗಿದ್ದ ಹಿರಿಯ ಸಿಸ್ಟರ್ ವಾಕರ್ ತಂದು ಅಜ್ಜನ ಮುಂದೆ ಇಟ್ಟರು. ಬಾಗಿಲವರೆಗೆ ಹೋಗಿ ಬರೋಣ, ನಿಧಾನಕ್ಕೆ, ಅಂದರು. ಅಜ್ಜ ಒಂದೊಂದೇ ಹೆಜ್ಜೆ ಇಟ್ಟರು. ಅದೇ ಲೌಫೆನ್.

ಆ ದಿನ ಸಂಜೆ ಅದೇ ಸಿಸ್ಟರ್ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ಆಮೇಲೆ ಹತ್ತು ವರ್ಷ ಆ ಭಾಷೆಯಲ್ಲಿ ಬದುಕುವಾಗ ನನಗೆ ಅಷ್ಟು ಉಪಯೋಗಕ್ಕೆ ಬಂದ ಮಾತು ಇನ್ನೊಂದಿಲ್ಲ. ಲೌಫೆನ್ ಅಂದರೆ ಏನು ಅಂತ ಕೇಳಬೇಡ, ಅದರ ಪಕ್ಕದಲ್ಲಿ ಯಾವ ಪದ ನಿಂತಿದೆ ಅಂತ ನೋಡು, ಅಂದರು.

ಹಾಗೇ ನೋಡೋಣ.

ಮಗು ಅಂಬೆಗಾಲಿಡುತ್ತಿತ್ತು. ಈಗ ಎದ್ದು ಹೆಜ್ಜೆ ಇಡುತ್ತಿದೆ. ಜರ್ಮನ್ ತಾಯಿ ಖುಷಿಯಿಂದ ಹೇಳುವುದು, ನನ್ನ ಮಗು ಲೌಫೆನ್ ಕಲಿತಿತು ಅಂತ. ಇಲ್ಲಿ ಲೌಫೆನ್‌ನ ಪಕ್ಕ ನಿಂತಿರುವುದು ತೆವಳೋದು. ಹಾಗಾಗಿ ಲೌಫೆನ್ ಅಂದರೆ ನಡೆಯೋದು.

ಬಸ್ ತಪ್ಪಿಹೋಯಿತು. ಗೆಳತಿ ಹೇಳುತ್ತಾಳೆ, ಪರವಾಗಿಲ್ಲ, ಲೌಫೆನ್ ಮಾಡೋಣ. ಇಲ್ಲಿ ಪಕ್ಕದಲ್ಲಿರುವುದು ಬಸ್ಸು. ಗಾಡಿ ಬಿಟ್ಟು ಕಾಲಲ್ಲಿ ಹೋಗೋಣ ಅಂತ ಅರ್ಥ. ಮತ್ತೆ ನಡೆಯೋದೇ.

ಕ್ರೀಡಾಂಗಣಕ್ಕೆ ಬನ್ನಿ. ಒಲಿಂಪಿಕ್ಸಿನಲ್ಲಿ ನಡಿಗೆ ಸ್ಪರ್ಧೆ ಇದೆಯಲ್ಲ, ಯಾವಾಗಲೂ ಒಂದು ಕಾಲು ನೆಲಕ್ಕೆ ತಾಗಿರಬೇಕು ಅನ್ನುವ ಸ್ಪರ್ಧೆ, ಅದಕ್ಕೆ ಜರ್ಮನ್ನಿನಲ್ಲಿ 'ಗೇಯೆನ್' ಎಂದೇ ಹೆಸರು. ಪಕ್ಕದಲ್ಲಿ ಗೇಯೆನ್ ನಿಂತ ಕೂಡಲೇ ಲೌಫೆನ್ ಓಟ ಆಗಿಬಿಡುತ್ತದೆ. ಓಟಗಾರ 'ಲೊಯ್ಫರ್'. ಮ್ಯಾರಥಾನ್ ಓಟ 'ಮಾರಾತೋನ್‌ಲೌಫ್'. ಬರ್ಲಿನ್ನಿನಲ್ಲಿ 1974ರಿಂದ ನಡೆಯುತ್ತಿರುವ ಮ್ಯಾರಥಾನಿನಲ್ಲಿ ಪಾಲ್ಗೊಂಡವರು ಲೊಯ್ಫರ್‌ಗಳು. ಅವರನ್ನು ಯಾರೂ ನಡೆಯುವವರು ಅನ್ನುವುದಿಲ್ಲ.

ಇನ್ನು ಫ್ಯಾಕ್ಟರಿ. ಮಿಷಿನ್ 'ಲೊಯ್ಫ್ಟ್' ಅಂದರೆ ಕೆಟ್ಟು ನಿಂತಿಲ್ಲ, ಕೆಲಸ ಮಾಡುತ್ತಿದೆ ಅಂತ. ಪಕ್ಕದಲ್ಲಿ ಇರುವ ಪದ ನಿಲ್ಲು. ಈ ಅರ್ಥ ನಮಗೆ ತುಂಬ ಹತ್ತಿರದ್ದು. ಥಿಯೇಟರಿನಲ್ಲಿ ಸಿನಿಮಾ ಓಡುತ್ತೆ ಅನ್ನುತ್ತೇವೆ, ಅವರೂ ಸಿನಿಮಾ ಲೊಯ್ಫ್ಟ್ ಅನ್ನುತ್ತಾರೆ. ನಲ್ಲಿ ನೀರು, ನೆಗಡಿಯ ಮೂಗು, ಮನೆ ಬಾಡಿಗೆಯ ಕರಾರು, ಎಲ್ಲಕ್ಕೂ ಲೊಯ್ಫ್ಟ್. ಹುಡುಗರು ಈಗ ಬರೀ ಒಂದೇ ಪದ ಹೇಳಿ ಮಾತು ಮುಗಿಸುತ್ತಾರೆ. 'ಲೊಯ್ಫ್ಟ್!' ಎಲ್ಲ ಸರಿಯಾಗಿ ನಡೀತಿದೆ ಅಂತ. ನೀವು ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ಬಯೋಡೇಟಾ ಕೂಡ ಒಂದು ಓಟವೇ. ಅದರ ಹೆಸರು 'ಲೇಬೆನ್ಸ್‌ಲೌಫ್', ಬದುಕು ಸಾಗಿಬಂದ ಬಗೆ. ಎಷ್ಟು ಚೆಂದದ ಪದ, ಅಲ್ವಾ?

ಈಗ ಗೇಯೆನ್. ಇಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಕಾರಣ ಇದೆ. ಕನ್ನಡದಲ್ಲಿ 'ಹೋಗು' ಅನ್ನುವ ಪದಕ್ಕೆ ಕಾಲೂ ಇಲ್ಲ, ಚಕ್ರವೂ ಇಲ್ಲ. ಹಾಲು ತರಲು ಹೋಗುತ್ತೇವೆ, ಹುಬ್ಬಳ್ಳಿಗೆ ಹೋಗುತ್ತೇವೆ, ಅಮೆರಿಕಕ್ಕೆ ಹೋಗುತ್ತೇವೆ. ಎಲ್ಲಕ್ಕೂ ಒಂದೇ ಪದ. ಇಂಗ್ಲಿಷಿನ 'ಗೋ' ಕೂಡ ಹೀಗೇ. ಹಾಗಾಗಿ ಗೇಯೆನ್ ಅಂದರೆ ಗೋ ಅಂತ ಕಲಿತ ಕೂಡಲೇ ಎಲ್ಲದಕ್ಕೂ ಅದನ್ನೇ ಬಳಸುತ್ತೇವೆ. ಜರ್ಮನ್ನಿನ ಗೇಯೆನ್‌ಗೆ ಮಾತ್ರ ಕಾಲು ಇದೆ. ಗಾಡಿಯಲ್ಲಿ ಹೋಗೋದಕ್ಕೆ 'ಫಾರೆನ್' ಅನ್ನಬೇಕು. ವಿಮಾನಕ್ಕೆ 'ಫ್ಲೀಗೆನ್', ಹಾರು.

ನಾಳೆ ಬರ್ಲಿನ್ನಿಗೆ ಹೋಗುತ್ತೇನೆ ಅಂತ ಹೇಳಲು ನಾನೊಮ್ಮೆ 'ಇಶ್ ಗೇಯೆ ನಾಖ್ ಬರ್ಲಿನ್' ಅಂದೆ. ಎರಡು ದಿನದ ರಜೆಗೆ ರೈಲಿನಲ್ಲಿ ಹೋಗುತ್ತಿದ್ದೆ. ಜೊತೆಯವರ ಮುಖ ಸಪ್ಪಗಾಯಿತು. ಈ ಕೆಲಸ ಬಿಡುತ್ತಿದ್ದೀಯಾ ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ದೂರದ ಊರಿಗೆ, ಬೇರೆ ದೇಶಕ್ಕೆ ಗೇಯೆನ್ ಅಂದರೆ ಅಲ್ಲೇ ಹೋಗಿ ನೆಲೆಸೋದು ಅಂತ ಅರ್ಥ ಬರುತ್ತದೆ. ಕಾಲಿಟ್ಟಲ್ಲಿ ಬೇರು ಬಿಡುವ ಹಾಗೆ. ಸುಮ್ನೆ ಹೋಗಿ ಬರೋದಾದರೆ ಫಾರೆನ್. ನೀವು ಮುಂದಿನ ವರ್ಷ ಜರ್ಮನಿಗೆ ಕೆಲಸಕ್ಕೆ ಹೋಗುತ್ತೀರಲ್ಲ, ಅದಕ್ಕೆ 'ನಾಖ್ ಡೊಯ್ಚ್‌ಲಾಂಟ್ ಗೇಯೆನ್' ಸರಿಯೇ. ನಿಮ್ಮ ಅಪ್ಪ-ಅಮ್ಮ ನೋಡಲು ಬರುತ್ತಾರಲ್ಲ, ಅವರದು ಫ್ಲೀಗೆನ್. ಒಂದೇ ಮನೆಯವರ ಎರಡು ಬಗೆಯ ಪ್ರಯಾಣ, ಎರಡು ಕ್ರಿಯಾಪದ.

ಇದಕ್ಕೊಂದು ವಿನಾಯಿತಿ ಇದೆ. ಸ್ಕೂಲಿಗೆ, ಸಿನಿಮಾಕ್ಕೆ, ಡಾಕ್ಟರ ಹತ್ತಿರ, ಅಂಗಡಿಗೆ ಹೋಗೋದು ಅಂದಾಗ ಬಸ್ಸಿನಲ್ಲಿ ಹೋದರೂ ಗೇಯೆನ್ ನಡೆಯುತ್ತದೆ. ಅಲ್ಲಿ ಮುಖ್ಯ ದಾರಿಯಲ್ಲ, ಹೋದ ಕೆಲಸ.

ಫಾರೆನ್ ಪದದ ಹಿಂದೆ ಒಂದು ಹಳೇ ಕಥೆ ಇದೆ. ಮೊದಲು ಅದಕ್ಕೂ ಚಕ್ರ ಇರಲಿಲ್ಲ. ಹಳೆಯ ಜರ್ಮನ್ನಿನಲ್ಲಿ ಯಾವ ರೀತಿಯಲ್ಲಿ ಹೋದರೂ ಫಾರೆನ್ನೇ. ನಮ್ಮ ಹೋಗು ಇದ್ದ ಹಾಗೆ. ಆಮೇಲೆ ನಿಧಾನವಾಗಿ ಅದು ಗಾಡಿಯ ಪಾಲಾಯಿತು. ಈಗ ಲಿಫ್ಟಿನಲ್ಲಿ ಹೋದರೂ, ಎಸ್ಕಲೇಟರ್ ಮೇಲೆ ನಿಂತರೂ ಫಾರೆನ್. ಆದರೂ ಹಳೇ ಅರ್ಥ ಎರಡು ಕಡೆ ಉಳಿದುಕೊಂಡಿದೆ. ಪೂರ್ವಜರಿಗೆ 'ಫೋರ್‌ಫಾರೆನ್' ಅನ್ನುತ್ತಾರೆ, ಮೊದಲು ಹೋದವರು. ತೀರ್ಥಯಾತ್ರೆಗೆ 'ವಾಲ್‌ಫಾರ್ಟ್'. ಬವೇರಿಯಾದ ಹಳ್ಳಿಗಳಿಂದ ಜನ ಹಾಡಿಕೊಂಡು ಅಲ್ಟ್ಯೋಟಿಂಗಿನ ಮೇರಿ ಮಾತೆಯ ಗುಡಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ನಮ್ಮವರು ಪಾದಯಾತ್ರೆ ಹೊರಟ ಹಾಗೆ. ಇಡೀ ದಾರಿ ನಡೆದೇ ಹೋದರೂ ಹೆಸರಿನಲ್ಲಿ ಮಾತ್ರ ಫಾರ್ಟ್ ಇದೆ.

ಗೇಯೆನ್ ಕಾಲು ಬಿಟ್ಟು ಬೇರೆ ಕಡೆಗೂ ಹೋಗುತ್ತದೆ. 'ವೀ ಗೇಟ್ ಎಸ್ ಈನೆನ್?' ಹೇಗಿದ್ದೀರಿ? ಪದಕ್ಕೆ ಪದ ಹೇಳಿದರೆ, ನಿಮಗೆ ಹೇಗೆ ನಡೀತಿದೆ? 'ಎಸ್ ಗೇಟ್', ಹೀಗೇ ನಡೀತಿದೆ. 'ಡಾಸ್ ಗೇಟ್ ನಿಷ್ಟ್', ಅದು ನಡೆಯೋಲ್ಲ. ನೋಡಿದಿರಾ, ಇಲ್ಲಿ ಕನ್ನಡ ಎಷ್ಟು ಹತ್ತಿರ ಬಂತು! ಇಂಗ್ಲಿಷನ್ನು ನಡುವೆ ತರದೆ ನೇರವಾಗಿ 'ನಡೆ' ಇಂದ ಗೇಯೆನ್‌ಗೆ ಹೋದರೆ ಅರ್ಧ ಕಷ್ಟ ತಪ್ಪುತ್ತದೆ. ನಾನು ಪಾಠ ಮಾಡುವಾಗ ಈಗ ಹಾಗೇ ಮಾಡುತ್ತೇನೆ. ಒಂದೇ ಕಡೆ ನಾವು ಅವರಿಂದ ದೂರ. ಬ್ರೆಡ್ಡಿನ ಹಿಟ್ಟು ಯೀಸ್ಟಿನಿಂದ ಉಬ್ಬುತ್ತದಲ್ಲ, ಅದಕ್ಕೂ ಗೇಯೆನ್ ಅನ್ನುತ್ತಾರೆ. ಹಿಟ್ಟನ್ನು ಒಂದು ಗಂಟೆ 'ಗೇಯೆನ್ ಲಾಸೆನ್', ಹೋಗಲು ಬಿಡಿ, ಅಂತ ಅಡುಗೆ ಪುಸ್ತಕದಲ್ಲಿ ಇರುತ್ತದೆ. ಅದನ್ನು ಓದಿ ಗಾಬರಿ ಆಗಬೇಡಿ.

ಈಗ ಮತ್ತೆ ಲೌಫೆನ್‌ಗೆ ಬರೋಣ. ಇಷ್ಟು ಹೊತ್ತು ನಾನು ಹೇಳಿದ್ದು ದೇಶದ ಎಲ್ಲ ಕಡೆ ಸಲ್ಲುವ ಮಾತು. ಇದರ ಮೇಲೆ ಸೀಮೆಯ ಮಾತು ಬೇರೆ ಇದೆ. ನನಗೆ ಇದು ಬಹಳ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಸ್ಟುಟ್‌ಗಾರ್ಟ್ ಸುತ್ತಮುತ್ತಲಿನದು ಸ್ವಾಬಿಯನ್ ಆಡುನುಡಿ. ಅಲ್ಲಿ ಲೌಫೆನ್ ಅಂದರೆ ನಡೆಯೋದು, ಅನುಮಾನವೇ ಇಲ್ಲ. ಹಾಗಾದರೆ ಓಡೋದಕ್ಕೆ? 'ಶ್ಪ್ರಿಂಗೆನ್'. ಪುಸ್ತಕದ ಜರ್ಮನ್ನಿನಲ್ಲಿ ಶ್ಪ್ರಿಂಗೆನ್ ಅಂದರೆ ಜಿಗಿ. ನಮ್ಮ ಮಹಡಿಯ ಕೆಳಗಿದ್ದ ಅಜ್ಜಿ ಮೊಮ್ಮಗನಿಗೆ, ಬೇಗ ಬೇಕರಿಗೆ ಶ್ಪ್ರಿಂಗೆನ್ ಮಾಡು ಅನ್ನುತ್ತಿದ್ದರು. ಹುಡುಗ ಜಿಗಿಯುತ್ತಿರಲಿಲ್ಲ, ಓಡುತ್ತಿದ್ದ. ಇನ್ನು ಸ್ವಿಟ್ಜರ್ಲೆಂಡಿಗೆ ಹೋದರೆ ಅಲ್ಲೂ ಲೌಫೆನ್ ನಡೆಯೋದು, ಜಿಗಿಯೋದಕ್ಕೆ 'ಗುಂಪೆ' ಅನ್ನುವ ಬೇರೆಯೇ ಪದ. ಬವೇರಿಯಾ ಮತ್ತು ಆಸ್ಟ್ರಿಯಾ ಕಡೆ ಹೋದರೆ ಮತ್ತೆ ತಿರುಗಿತು, ಅಲ್ಲಿ ಲೌಫೆನ್ ಓಟ. ಗಡಿ ದಾಟಿ ನೆದರ್‌ಲ್ಯಾಂಡ್ಸಿಗೆ ಹೋದರೆ ಇದೇ ಪದದ ತಂಗಿ 'ಲೋಪೆನ್' ಸಿಗುತ್ತದೆ. ಅದು ನಡೆಯೋದು. ಅದರ ಪಕ್ಕದ ಬೆಲ್ಜಿಯಂನ ಡಚ್ಚಿನಲ್ಲಿ ಅದೇ ಲೋಪೆನ್ ಓಡೋದು.

ಇದನ್ನು ಒಂದು ಬೆಂಚಿನ ಹಾಗೆ ಊಹಿಸಿಕೊಳ್ಳಿ. ನಡೆ, ಓಡು, ಜಿಗಿ ಅಂತ ಮೂರು ಜಾಗ. ಒಬ್ಬರು ಪಕ್ಕಕ್ಕೆ ಸರಿದರೆ ಉಳಿದವರೂ ಸರಿಯಬೇಕು. ಸ್ವಾಬಿಯಾದಲ್ಲಿ ಲೌಫೆನ್ ನಡೆಯ ಜಾಗಕ್ಕೆ ಸರಿಯಿತು. ಖಾಲಿಯಾದ ಓಟದ ಜಾಗಕ್ಕೆ ಶ್ಪ್ರಿಂಗೆನ್ ಬಂದು ಕೂತಿತು. ಜಿಗಿಯೋದಕ್ಕೆ ಹೊಸಬರು ಬಂದರು. ಇನ್ನೂ ಹಿಂದಕ್ಕೆ ಹೋದರೆ ಲೌಫೆನ್ ಮತ್ತು ಇಂಗ್ಲಿಷಿನ 'ಲೀಪ್' ಒಂದೇ ತಾಯಿಯ ಮಕ್ಕಳು. ಇಂಗ್ಲಿಷಿನಲ್ಲಿ ಆ ಪದ ಜಿಗಿತದ ಜಾಗದಲ್ಲಿ ಕೂತಿದೆ. ಹೀಗೆ ಒಂದೇ ಪದ ಒಂದು ಕಡೆ ಜಿಗಿತ, ಒಂದು ಕಡೆ ಓಟ, ಒಂದು ಕಡೆ ನಡಿಗೆ. ಸಿಸ್ಟರ್ ಹೇಳಿದ ಮಾತು ಇಲ್ಲೂ ನಿಜ.

ಇಂಥ ವ್ಯತ್ಯಾಸಗಳನ್ನು ದೊಡ್ಡ ಮಟ್ಟದಲ್ಲಿ ಹುಡುಕಲು ಹೊರಟ ಮೊದಲಿಗರಲ್ಲಿ ಜರ್ಮನ್ ಭಾಷಾತಜ್ಞ ಗೇಯೋರ್ಗ್ ವೆಂಕರ್ ಒಬ್ಬರು. 1876ರಲ್ಲಿ ಕೆಲಸ ಶುರು ಮಾಡಿದರು. ಸಣ್ಣ ಸಣ್ಣ ವಾಕ್ಯಗಳ ಪಟ್ಟಿ ಮಾಡಿ ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ ಕಳಿಸಿದರು. ಇವನ್ನು ನಿಮ್ಮೂರಿನ ಮಾತಿನಲ್ಲಿ ಬರೆದು ಕಳಿಸಿ ಅಂತ ಕೇಳಿದರು. ಕೊನೆಗೆ ಆ ಪಟ್ಟಿ 40 ವಾಕ್ಯಗಳದ್ದಾಯಿತು, ಉತ್ತರಗಳು 40,000ಕ್ಕೂ ಹೆಚ್ಚು ಊರುಗಳಿಂದ ಬಂದವು. ಅದರ ಮೇಲೆ ಮಾರ್ಬುರ್ಗ್ ನಗರದಲ್ಲಿ ಜರ್ಮನ್ ಆಡುನುಡಿಗಳ ನಕ್ಷೆ ತಯಾರಾಯಿತು. ಆ ಪಟ್ಟಿಯಲ್ಲಿ ಎರಡು ವಾಕ್ಯ ನಮ್ಮ ವಿಷಯಕ್ಕೆ ಸೇರಿದವು. ಹನ್ನೆರಡನೆಯದು, ಎಲ್ಲಿಗೆ ಹೋಗುತ್ತೀಯ, ನಾವೂ ನಿನ್ನ ಜೊತೆ ಬರಬೇಕಾ? ಅಲ್ಲಿರುವುದು ಗೇಯೆನ್. ಎಂಟನೆಯದು, ಕಾಲು ತುಂಬ ನೋಯುತ್ತಿದೆ, ನಡೆದೂ ನಡೆದೂ ಸವೆಸಿಕೊಂಡೆ ಅನಿಸುತ್ತೆ. ಅಲ್ಲಿರುವುದು ಲೌಫೆನ್. ಯಾವುದೋ ಹಳ್ಳಿಯ ಮೇಷ್ಟ್ರು ದೀಪದ ಬೆಳಕಿನಲ್ಲಿ ಕೂತು, ನಮ್ಮೂರಲ್ಲಿ ಇದನ್ನು ಹೇಗೆ ಹೇಳುತ್ತೇವೆ ಅಂತ ಯೋಚಿಸಿ ಬರೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಗೌರವ ಬರುತ್ತದೆ. ನಮ್ಮ ಧಾರವಾಡ, ಕುಂದಾಪುರ, ಚಾಮರಾಜನಗರಗಳ 'ನಡೆ', 'ಅಡ್ಡಾಡು', 'ತಿರುಗು'ಗಳನ್ನು ಹೀಗೆ ಊರೂರಿನಿಂದ ಕೇಳಿ ಬರೆಸಿಕೊಂಡರೆ ಎಷ್ಟು ಚೆಂದ.

ನಮಗೂ ಈ ಕಥೆಗೂ ಒಂದು ನಂಟಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ದಕ್ಷಿಣದ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ್ದು ಉತ್ತರದ ತುದಿಯಲ್ಲಿ, ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಒಬ್ಬರದು ಲೌಫೆನ್ ನಡೆಯುವ ಸೀಮೆ. ಇನ್ನೊಬ್ಬರದು, ಮುಖ್ಯವಾಗಿ, ಅದೇ ಪದ ಓಡುವ ಸೀಮೆ. ಇಬ್ಬರೂ ಬಂದು ಕಲಿತದ್ದು ನಮ್ಮ ನಡೆ ಮತ್ತು ಓಡು.

'ರೆನ್ನೆನ್' ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ಓಡು, ಬೇರೆ ಅರ್ಥದ ಗೊಂದಲ ಇಲ್ಲ. ಹಾಗಾಗಿ ಯಾರಿಗಾದರೂ ಓಡು ಅಂತಲೇ ಹೇಳಬೇಕಾದರೆ ಇದು ಒಳ್ಳೇದು. ಮಕ್ಕಳಿಗೆ ಕಾರಿಡಾರಿನಲ್ಲಿ ಓಡಬೇಡಿ ಅನ್ನುವಾಗ ರೆನ್ನೆನ್. ಇದರಲ್ಲಿ ಅವಸರ ಇದೆ, ಅಳತೆ ಮೀರಿದ ಭಾವ ಇದೆ. ಸಣ್ಣ ನೋವಿಗೂ ಡಾಕ್ಟರ ಹತ್ತಿರ ರೆನ್ನೆನ್ ಮಾಡುತ್ತಾಳೆ ಅಂದರೆ ಅದು ದೂರು. ಒಂದು ವಿಚಿತ್ರ ನೋಡಿ. ಕುದುರೆ, ಕಾರು, ಸೈಕಲ್ಲುಗಳ ರೇಸಿಗೆ 'ರೆನ್ನೆನ್' ಅಂತ ಹೆಸರು. ಮನುಷ್ಯರು ಕಾಲಲ್ಲಿ ಓಡುವ ನೂರು ಮೀಟರಿಗೆ 'ಲೌಫ್'. ಓಟಗಾರರನ್ನು 'ರೆನ್ನರ್' ಅಂತ ಕರೆದರೆ ಸರಿಹೋಗುವುದಿಲ್ಲ. ರೆನ್ನರ್ ಅಂದರೆ ಅಂಗಡಿಯಲ್ಲಿ ಬಿಸಿ ದೋಸೆಯಂತೆ ಖರ್ಚಾಗುವ ಸರಕು.

ವ್ಯಾಕರಣದ ಒಂದು ಮಾತು. ಇವೆಲ್ಲ ಭೂತಕಾಲದಲ್ಲಿ 'ಹಾಬೆನ್' (ಹೊಂದಿರು) ಎಂಬ ಸಹಾಯಕ ಕ್ರಿಯಾಪದ ಬಿಟ್ಟು 'ಜೈನ್' (ಇರು) ಜೊತೆ ಹೋಗುತ್ತವೆ. 'ಇಶ್ ಬಿನ್ ಗೆಗಾಂಗೆನ್, ಇಶ್ ಬಿನ್ ಗೆಲೌಫೆನ್, ಇಶ್ ಬಿನ್ ಗೆರಾಂಟ್.' ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಜೈನ್ ಅಂತ ನೆನಪಿಡಿ. ಕುಣಿತದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮದುವೆಮನೆಯಲ್ಲಿ ಕುಣಿದೆವು ಅಂದರೆ ಹಾಬೆನ್. ಕುಣಿಯುತ್ತಾ ತೋಟದೊಳಗೆ ಹೋದೆವು ಅಂದರೆ ಜೈನ್. ವೆಂಕರ್ ಪಟ್ಟಿಯ ಎಂಟನೇ ವಾಕ್ಯದಲ್ಲಿ ಮಾತ್ರ ಹಾಬೆನ್ ಇದೆ. ಅಲ್ಲಿ ಊರು ದಾಟಲಿಲ್ಲ, ಕಾಲು ಸವೆಸಿದ್ದು.

ವಿಭಕ್ತಿಯ ವಿಷಯದಲ್ಲಿ ಕನ್ನಡದವರಿಗೆ ಅನುಕೂಲ ಇದೆ. 'ಇಮ್ ವಾಲ್ಟ್ ಲೌಫೆನ್' ಅಂದರೆ ಕಾಡಿನಲ್ಲಿ ಓಡು. 'ಇನ್ ಡೇನ್ ವಾಲ್ಟ್ ಲೌಫೆನ್' ಅಂದರೆ ಕಾಡಿನೊಳಕ್ಕೆ ಓಡು. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ 'ಅಲ್ಲಿ' ಮತ್ತು 'ಗೆ' ಹುಟ್ಟಿನಿಂದಲೇ ಬಂದಿವೆ. ಕಾಡಿನಲ್ಲಿ, ಕಾಡಿಗೆ. ಅಷ್ಟೇ.

ಕಷ್ಟ ಬರುವುದು ಇನ್ನೊಂದು ಕಡೆ. ಜರ್ಮನ್ ಭಾಷೆ ಹೇಗೆ ಹೋದರು ಅನ್ನುವುದನ್ನು ಕ್ರಿಯಾಪದದೊಳಗೇ ತುಂಬುತ್ತದೆ. ಎಲ್ಲಿಗೆ ಅನ್ನುವುದನ್ನು ಅಕ್ಕಪಕ್ಕದ ಸಣ್ಣ ಪದಗಳಿಗೆ ಬಿಡುತ್ತದೆ. 'ಜೀ ಹುಂಪೆಲ್ಟೆ ಡೀ ಟ್ರೆಪ್ಪೆ ಹಿನೌಫ್.' ಕನ್ನಡದಲ್ಲಿ, ಅವಳು ಕುಂಟುತ್ತಾ ಮೆಟ್ಟಿಲು ಹತ್ತಿದಳು. ಅವರ ಮುಖ್ಯ ಕ್ರಿಯಾಪದ ಕುಂಟು, ನಮ್ಮದು ಹತ್ತು. ನಾವು ಹೇಗೆ ಅನ್ನುವುದನ್ನು ಮೊದಲು ಹೇಳಿ, ಎಲ್ಲಿಗೆ ಅನ್ನುವುದರಲ್ಲಿ ವಾಕ್ಯ ಮುಗಿಸುತ್ತೇವೆ. ಓಡೋಡಿ ಬಂದ, ತೂರಾಡುತ್ತಾ ಹೋದ, ದಾಪುಗಾಲು ಹಾಕಿ ದಾಟಿದ. ಲೆನರ್ಡ್ ಟಾಲ್ಮಿ ಎಂಬ ಅಮೆರಿಕದ ಭಾಷಾವಿಜ್ಞಾನಿ ಲೋಕದ ಭಾಷೆಗಳನ್ನು ಈ ಗುಣದ ಮೇಲೆ ವಿಂಗಡಿಸಿದ್ದಾರೆ. ನಮಗೆ 'ಸರಸರ', 'ದಡದಡ', 'ಮೆಲ್ಲಮೆಲ್ಲಗೆ' ಇವೆ. ಜರ್ಮನ್ನಿಗೆ ಆ ಕೆಲಸಕ್ಕೆ ಬೇರೆ ಬೇರೆ ಕ್ರಿಯಾಪದಗಳೇ ಇವೆ.

ಹಾಗಾಗಿ ಅಲ್ಲಿ ನಡಿಗೆಯ ಪದಗಳ ದೊಡ್ಡ ಸಂತೆಯೇ ಇದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಡಿ. ಕೆಲವನ್ನು ಸವಿಯಿರಿ ಸಾಕು. ಚಪ್ಪಲಿಯಿಂದ ಹುಟ್ಟಿದ ಪದಗಳಿವೆ. ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ ಟಕಟಕ ನಡೆಯೋದು 'ಶ್ಟ್ಯೋಕೆಲ್ನ್'. ಬೂಟು ಹಾಕಿ ದೊಡ್ಡ ಹೆಜ್ಜೆ ಇಡೋದು 'ಶ್ಟೀಫೆಲ್ನ್'. ಸವೆದ ಚಪ್ಪಲಿ ಎಳೆದುಕೊಂಡು ಹೋಗೋದು 'ಲಾಟ್ಷೆನ್'. ಪ್ರಾಣಿಗಳಿಂದ ಹುಟ್ಟಿದವೂ ಇವೆ. ಬೋನಿನ ಹುಲಿಯ ಹಾಗೆ ಆ ಕಡೆ ಈ ಕಡೆ ಓಡಾಡೋದು 'ಟೀಗೆರ್ನ್'. ಡಾಕ್ಸ್‌ಹುಂಡ್ ನಾಯಿಯ ಹಾಗೆ ಯಾರದೋ ಹಿಂದೆ ಪುಟಪುಟ ಹೋಗೋದು 'ಡಾಕೆಲ್ನ್'. ಹಿಮದಲ್ಲಿ ಕಾಲು ಹೂತು ಎತ್ತಿ ನಡೆಯೋದು 'ಶ್ಟಾಪ್ಫೆನ್'. ಈ ಪದದ ಬೆಲೆ ನನಗೆ ಗೊತ್ತಾಗಿದ್ದು ಮೊದಲ ಚಳಿಗಾಲದಲ್ಲಿ, ಬೆಳಗಿನ ಶಿಫ್ಟಿಗೆ ಕತ್ತಲಲ್ಲಿ ಹೊರಟಾಗ. ಮೊಣಕಾಲಿನವರೆಗೆ ಹಿಮ ಬಿದ್ದಿತ್ತು. ಅದಕ್ಕೆ ಬೇರೆ ಯಾವ ಪದವೂ ಸಾಲುತ್ತಿರಲಿಲ್ಲ.

ದಿನಾ ಬಳಕೆಗೆ ಬೇಕಾದವು ಮೂರು. ಊಟ ಆದ ಮೇಲೆ ಕೆರೆ ಏರಿ ಮೇಲೆ ಒಂದು ಸುತ್ತು ಹಾಕುತ್ತೇವಲ್ಲ, ಅದು 'ಶ್ಪಾಟ್ಸೀರೆನ್ ಗೇಯೆನ್'. ಇಟಲಿಯ ಕಡೆಯಿಂದ ಬಂದ ಪದ. ಭಾನುವಾರ ಮಧ್ಯಾಹ್ನ ಇಡೀ ಮನೆಯವರು ಹೀಗೆ ಹೊರಡುತ್ತಾರೆ. ನಿಮ್ಮನ್ನೂ ಕರೆದರೆ ದಯವಿಟ್ಟು ಹೋಗಿ. ಭಾಷೆ ಅಲ್ಲಿ ಬರುತ್ತದೆ, ಕ್ಲಾಸಿಗಿಂತ ಬೇಗ. ಅಂಗಡಿ ಸಾಲು ನೋಡಿಕೊಂಡು ಸುತ್ತಾಡೋದು 'ಬುಮ್ಮೆಲ್ನ್'. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ನಿಧಾನದ ರೈಲಿಗೂ 'ಬುಮ್ಮೆಲ್‌ಟ್ಸೂಗ್' ಅಂತ ಅದೇ ಹೆಸರು.

ಮೂರನೆಯದು 'ವಾಂಡೆರ್ನ್'. ಇದನ್ನು ನಾವು ಚಾರಣ ಅನ್ನಬಹುದು. ಆದರೆ ಚಾರಣ ಅಂದರೆ ನಮಗೆ ಕುಮಾರ ಪರ್ವತ ನೆನಪಾಗುತ್ತದೆ, ಬೆನ್ನಿಗೆ ಟೆಂಟು, ಏದುಸಿರು. ವಾಂಡೆರ್ನ್‌ಗೆ ಅಷ್ಟು ಕಷ್ಟ ಬೇಕಿಲ್ಲ. ಎಪ್ಪತ್ತು ದಾಟಿದವರೂ ಕೋಲು ಹಿಡಿದು ದಿನವಿಡೀ ಹೋಗುತ್ತಾರೆ. ಶಾಲೆಗಳಲ್ಲಿ ಇದಕ್ಕಾಗಿ 'ವಾಂಡರ್‌ಟಾಗ್' ಎಂಬ ದಿನವೇ ಇದೆ. ಬ್ಲ್ಯಾಕ್ ಫಾರೆಸ್ಟಿನ ಚಾರಣಿಗರ ಸಂಘ 1864ರಲ್ಲೇ ಹುಟ್ಟಿತು. ಅವರು 1900ರಲ್ಲಿ ಗುರುತು ಹಾಕಿದ 'ವೆಸ್ಟ್‌ವೇಗ್' ಎಂಬ ಕಾಲುದಾರಿ ಫೋರ್ಟ್ಸ್‌ಹೈಮ್‌ನಿಂದ ಬಾಸೆಲ್‌ವರೆಗೆ ಇವತ್ತಿಗೂ ಇದೆ. ಮರದ ಮೇಲೆ ಕೆಂಪು ಹರಳಿನಾಕಾರದ ಗುರುತು ನೋಡಿಕೊಂಡು ಹೋದರೆ ಸಾಕು. ಬಡಗಿ ಕೆಲಸ ಕಲಿತ ಕೆಲವು ಹುಡುಗ ಹುಡುಗಿಯರು ಈಗಲೂ ಕಪ್ಪು ಬಟ್ಟೆ ತೊಟ್ಟು 'ವಾಂಡರ್‌ಶಾಫ್ಟ್' ಹೊರಡುತ್ತಾರೆ. ಮೂರು ವರ್ಷ ಮತ್ತು ಒಂದು ದಿನ. ಅಷ್ಟು ಕಾಲ ತಮ್ಮ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವ ಹಾಗಿಲ್ಲ.

ಇದೇ ಪದ ನಿಮ್ಮ ಕಾಗದಪತ್ರದಲ್ಲೂ ಇದೆ. ದೇಶ ಬಿಟ್ಟು ಹೋಗೋದು 'ಔಸ್‌ವಾಂಡೆರ್ನ್', ದೇಶದೊಳಗೆ ಬಂದು ನೆಲೆಸೋದು 'ಐನ್‌ವಾಂಡೆರ್ನ್'. ಕೆಲಸ ಬಲ್ಲವರು ಹೊರಗಿನಿಂದ ಬರಲು ಮಾಡಿದ ಕಾನೂನು 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಉದ್ದ ಹೆಸರಿನ ನಡುವೆ 'ಐನ್‌ವಾಂಡರುಂಗ್' ಕೂತಿದೆ. ನಿಮ್ಮಲ್ಲಿ ಬಹಳ ಜನ ಹೋಗುವುದು ಅದೇ ಕಾನೂನಿನ ಬಾಗಿಲಿನಿಂದ. ಆ ಕಾಗದಕ್ಕೆ ಸಹಿ ಹಾಕುವಾಗ ಒಳಗೆ ಒಬ್ಬ ನಡೆಯುವವನು ಇದ್ದಾನೆ ಅಂತ ನೆನಪಿರಲಿ.

ಕೊನೆಯದಾಗಿ ಒಂದು ಪದ. ನರ್ಸಿಂಗಿಗೆ ಹೋಗುವವರು ಇದನ್ನು ಮನಸ್ಸಿಟ್ಟು ಕೇಳಿ. ವೃದ್ಧಾಶ್ರಮಗಳಲ್ಲಿ ಮರೆವಿನ ಕಾಯಿಲೆಯವರು ಎದ್ದು ಬಾಗಿಲ ಕಡೆ ನಡೆಯುತ್ತಾರೆ, ಕೆಲವೊಮ್ಮೆ ಹೊರಗೇ ಹೋಗಿಬಿಡುತ್ತಾರೆ. ಇದಕ್ಕೆ ಮೊದಲು 'ವೆಕ್‌ಲೌಫ್‌ಟೆಂಡೆನ್ಸ್' ಅಂತ ಬರೆಯುತ್ತಿದ್ದರು. 'ವೆಕ್' ಅಂದರೆ ಬಿಟ್ಟು ದೂರಕ್ಕೆ. ತಪ್ಪಿಸಿಕೊಂಡು ಓಡುವ ಸ್ವಭಾವ ಅಂತ ಅರ್ಥ ಬರುತ್ತದೆ. ಈಗ ಬಹಳ ಕಡೆ 'ಹಿನ್‌ಲೌಫ್‌ಟೆಂಡೆನ್ಸ್' ಅನ್ನುತ್ತಾರೆ. 'ಹಿನ್' ಅಂದರೆ ಒಂದು ಕಡೆಗೆ. ಲೌಫೆನ್ ಹಾಗೇ ಇದೆ, ಪಕ್ಕದ ಪದ ಮಾತ್ರ ಬದಲಾಯಿತು. ಆ ಅಜ್ಜಿ ನಮ್ಮನ್ನು ಬಿಟ್ಟು ಓಡುತ್ತಿಲ್ಲ. ಎಲ್ಲಿಗೋ ಹೊರಟಿದ್ದಾಳೆ. ತನ್ನ ಹಳೇ ಮನೆಗೆ, ಶಾಲೆಯಿಂದ ಮಗುವನ್ನು ಕರೆತರಲು, ಹಾಲು ಕರೆಯಲು. ಪದ ಬದಲಾದ ಮೇಲೆ ನಾವು ಕೇಳುವ ಪ್ರಶ್ನೆಯೂ ಬದಲಾಗುತ್ತದೆ. ಏಕೆ ಓಡಿಹೋಗುತ್ತೀರಿ ಅನ್ನುವ ಬದಲು ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳುತ್ತೇವೆ. ನಾನು ರಾತ್ರಿ ಪಾಳಿಯಲ್ಲಿ ಹೀಗೆ ಕೇಳಿದಾಗ ಒಬ್ಬರು ಅಜ್ಜಿ, ಹಸು ಕಾಯುತ್ತಿದೆ ಅಂದರು. ಅವರ ಜೊತೆ ಕಾರಿಡಾರಿನ ಕೊನೆವರೆಗೆ ಹೋದೆ. ಕಿಟಕಿಯಿಂದ ಹೊರಗೆ ನೋಡಿದೆವು. ಇನ್ನೂ ಕತ್ತಲಿದೆ, ಬೆಳಗಾದ ಮೇಲೆ ಹೋಗೋಣ ಅಂದೆ. ಒಪ್ಪಿ ಬಂದು ಮಲಗಿದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಮುಂದಿನ ತಿಂಗಳು ಹೊರಡುವವಳು. 'ಮೇಡಂ, ನನಗೆ ಹ್ಯಾಂಬರ್ಗ್ ಸಿಗುತ್ತೋ ಸ್ಟುಟ್‌ಗಾರ್ಟ್ ಸಿಗುತ್ತೋ ಗೊತ್ತಿಲ್ಲ. ಸ್ಟೇಷನ್ನಿಂದ ಆಸ್ಪತ್ರೆಗೆ ನಡೆದುಕೊಂಡು ಬಂದೆ ಅನ್ನೋದನ್ನ ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಗೆ ಹೇಳಲಿ?' ಒಳ್ಳೇ ಪ್ರಶ್ನೆ. 'ತ್ಸೂ ಫೂಸ್' ಅಂತ ಸೇರಿಸು ಅಂದೆ. ಕಾಲ್ನಡಿಗೆಯಲ್ಲಿ ಅಂತ. ಅದು ಪಕ್ಕದಲ್ಲಿದ್ದರೆ ಯಾವ ಸೀಮೆಯವರಿಗೂ ಅನುಮಾನ ಬರುವುದಿಲ್ಲ. ಅವಳು ಅಲ್ಲೇ ನಿಂತು ಎರಡು ಸಲ ಹೇಳಿಕೊಂಡಳು. 'ಇಶ್ ಬಿನ್ ತ್ಸೂ ಫೂಸ್ ಗೆಕೊಮ್ಮೆನ್. ಇಶ್ ಬಿನ್ ತ್ಸೂ ಫೂಸ್ ಗೆಕೊಮ್ಮೆನ್.' ಎರಡನೇ ಸಲ ಉಚ್ಚಾರ ಸರಿಯಾಗಿತ್ತು.